ಬಸ್ಸು ಬಿಡಲಿಲ್ಲ, ಮಗಳನ್ನೂ ಬಿಡಲಿಲ್ಲ

"ಆ ಖಾಕಿ ಅಂಗಿ ತಗದ ಒಗಿ ಮೊದಲ. ಕೂಸು ತಾನ ಸುಮ್ಮನ ಆಕ್ಕೇತಿ," ಅಂದರು ನಮ್ಮ ಅತ್ತಿ.

ಮಗಳು ಹೊಸ್ತಿಲ ಮೇಲೆ ಕೂತು ನನ್ನ ಎರಡೂ ಕಾಲುಗಳನ್ನು ಅಪ್ಪಿಕೊಂಡಿದ್ದಳು. ಐದು ನಿಮಿಷದ ಹಿಂದೆ ಅವಳು ವಾಂತಿ ಮಾಡಿದ ನನ್ನ ಅಂಗಿ ಬಚ್ಚಲಲ್ಲಿ ಬಿದ್ದಿತ್ತು. ನಾನು ಎರಡನೇ ಅಂಗಿ ಹಾಕಿಕೊಂಡು ಗುಂಡಿ ಹಚ್ಚುತ್ತಿದ್ದೆ. ಹಳಿಯಾಳದ ಬಸ್ಸು ಏಳೂವರೆಗೆ ಬಿಡಬೇಕು, ಗಡಿಯಾರ ಏಳು ದಾಟಿತ್ತು. ಓಣಿಯ ಹೆಣ್ಣುಮಕ್ಕಳು ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತು ನಮ್ಮ ಬಾಗಿಲನ್ನೇ ನೋಡುತ್ತಿದ್ದರು. ನಾನು ಮಗಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅವಳನ್ನು ಅತ್ತಿಯ ಮಡಿಲಿಗೆ ನೂಕಿ ಓಡಿದೆ. ಅವಳ ಚೀರಾಟ ಮೂಲೆಯ ಕಿರಾಣಿ ಅಂಗಡಿಯ ತನಕ ಬೆನ್ನಿಗೆ ಬಂತು.

ನಾನು ದಾಂಡೇಲಿಯಲ್ಲಿ ಬಸ್ ಕಂಡಕ್ಟರ್. ಹುಟ್ಟಿದ್ದು ಹಳಿಯಾಳದ ಹತ್ತಿರದ ಸಾಂಬ್ರಾಣಿ ಊರಲ್ಲಿ, ಭತ್ತ, ಗೋವಿನಜೋಳ ಬೆಳೆಯುವ ಮನೆಯಲ್ಲಿ. ಕಂಡಕ್ಟರ್ ಆಗುತ್ತೇನೆ ಅಂದಾಗ ನಮ್ಮಪ್ಪ ಮೂರು ದಿನ ಮಾತು ಬಿಟ್ಟಿದ್ದ. ನಾಲ್ಕನೇ ದಿನ ತಾನೇ ಹೋಗಿ ಒಂದು ಜೊತೆ ಬೂಟು ತಂದುಕೊಟ್ಟ. ಗಂಡಸರು ಮೈಮೇಲೆ ಬೀಳುವ ಸಂತೆ ದಿನದ ಬಸ್ಸಿನಲ್ಲಿ ಎರಡೂ ಮೊಣಕೈ ಅಗಲಿಸಿ ದಾರಿ ಮಾಡಿಕೊಳ್ಳುವುದನ್ನು ಕಲಿತೆ. ಚಿಲ್ಲರೆಗೆ ಜಗಳ ತೆಗೆಯುವವರ ಜೊತೆ ಅವರಿಗಿಂತ ಜೋರಾಗಿ ಮಾತಾಡುವುದನ್ನೂ ಕಲಿತೆ. ಆ ನೌಕರಿ ನನಗೆ ಯಾರೂ ದಾನ ಕೊಟ್ಟದ್ದಲ್ಲ. ಅದನ್ನು "ತಗದ ಒಗಿ" ಅಂದಾಗ ನನ್ನ ಮೈ ಉರಿಯಿತು. ಆದರೆ ಅವತ್ತು ಬಸ್ಸಿನಲ್ಲಿ ಸೀಟಿ ಊದಲು ಉಸಿರೇ ಸಾಲಲಿಲ್ಲ.

ಆಗ ಮಗಳಿಗೆ ಏಳು ವರ್ಷ, ಎರಡನೇ ತರಗತಿ. ನಮ್ಮ ಮನೆ ದಾಂಡೇಲಿಯ ಅಂಬೇವಾಡಿಯಲ್ಲಿ. ಯಜಮಾನರು ಕಾರ್ಖಾನೆಯಲ್ಲಿ ಪಾಳಿಯ ಕೆಲಸ ಮಾಡುತ್ತಿದ್ದರು. ಮನೆಯಲ್ಲಿ ಅತ್ತಿ, ನಾವಿಬ್ಬರು, ಇವಳೊಬ್ಬಳು.

ಇದು ಶುರುವಾಗಿದ್ದು ಹಿಂದಿನ ಮಳೆಗಾಲದಲ್ಲಿ. ಜೋಯಿಡಾದಿಂದ ಸಂಜೆ ವಾಪಸ್ಸು ಬರುವಾಗ ಕಾಡಿನ ರಸ್ತೆಗೆ ದೊಡ್ಡ ಮರವೊಂದು ಅಡ್ಡ ಬಿತ್ತು. ಹಿಂದಕ್ಕೆ ತಿರುಗಿಸಲು ನೋಡಿದರೆ ಅಲ್ಲಿ ಹಳ್ಳ ತುಂಬಿತ್ತು. ಆ ದಾರಿಯಲ್ಲಿ ಫೋನು ಹತ್ತುವುದಿಲ್ಲ. ಪ್ರಯಾಣಿಕರ ಜೊತೆ ನಾವೂ ಬಸ್ಸಿನಲ್ಲೇ ಬೆಳಗು ಮಾಡಿದೆವು. ನಮಗೆ ಏನೂ ಆಗಲಿಲ್ಲ. ಆದರೆ ದಾಂಡೇಲಿಯಲ್ಲಿ ಯಾರೋ ಬಸ್ಸು ಕಾಳಿ ಹೊಳೆಗೆ ಬಿತ್ತಂತೆ ಅಂದಿದ್ದರು. ಅತ್ತಿ ಎದೆ ಬಡಿದುಕೊಂಡು ಅತ್ತರಂತೆ, ಓಣಿಯವರೆಲ್ಲ ಮನೆಯೊಳಗೆ ಸೇರಿದ್ದರಂತೆ. ಮರುದಿನ ಹತ್ತು ಗಂಟೆಗೆ ನಾನು ಕೆಸರು ಕಾಲಲ್ಲಿ ಬಂದಾಗ ಎಲ್ಲರೂ ನಗುತ್ತ, ಅಳುತ್ತ ನನ್ನನ್ನು ಸುತ್ತುವರಿದರು. ಮಗಳು ಒಳಗಿನ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಓಡಿ ಬರಲಿಲ್ಲ, ಅಳಲಿಲ್ಲ. ಗದ್ದಲದಲ್ಲಿ ಅವಳೊಬ್ಬಳು ಇದ್ದಾಳೆ ಎಂಬುದೇ ಯಾರಿಗೂ ನೆನಪಿರಲಿಲ್ಲ.

ಆಮೇಲೆ ನನ್ನ ಬೆನ್ನು ಬಿಡಲಿಲ್ಲ. ಬಚ್ಚಲಿಗೆ ಹೋದರೆ ಬಾಗಿಲ ಹೊರಗೆ ಕೂತು "ಅವ್ವಾ, ಅದೀಯೇನು?" ಅಂತ ಕೇಳುತ್ತಿದ್ದಳು. "ಅದೇನಿ" ಅನ್ನಬೇಕು. ಅರ್ಧ ನಿಮಿಷಕ್ಕೆ ಮತ್ತೆ ಕೇಳುವಳು. ಮಲಗುವಾಗ ನನ್ನ ಸೆರಗನ್ನು ಮುಂಗೈಗೆ ಸುತ್ತಿಕೊಳ್ಳುವಳು. ಶಾಲೆಯ ದಿನ ಬೆಳಗಾದರೆ ಹೊಟ್ಟೆ ಬೇನೆ, ರವಿವಾರ ಏನೂ ಇಲ್ಲ. ಹೊಟ್ಟೆಗೆ ಎರಡು ಥರದ ಔಷಧ ಕುಡಿಸಿದೆವು. ಸ್ಕ್ಯಾನಿಂಗ್ ಮಾಡಿಸಿದೆವು, ಎಲ್ಲ ಸರಿ ಇತ್ತು. ಅತ್ತಿ ದೃಷ್ಟಿ ತೆಗೆದರು, ಕೊರಳಿಗೆ ತಾಯಿತ ಕಟ್ಟಿದರು. ಪಕ್ಕದ ಮನೆಯಾಕೆ "ಎರಡ ಬಿಗೀರಿ, ಎಲ್ಲಾ ಇಳೀತೈತಿ" ಅಂದಳು. ಒಂದು ದಿನ ನಾನು ಬಿಗಿದೂ ಬಿಟ್ಟೆ. ಕೆನ್ನೆಯ ಮೇಲೆ ಬೆರಳು ಮೂಡಿದವು. ನಾನು ಹೊಡೆದ ಕೈಯನ್ನೇ ಅವಳು ಗಟ್ಟಿಯಾಗಿ ಹಿಡಿದುಕೊಂಡಳು. ಇದನ್ನು ಬರೆಯುವಾಗ ಈಗಲೂ ಆ ಕೈ ನನಗೆ ಬೇಡವೆನಿಸುತ್ತದೆ.

ಕದ್ದು ಹೋಗುವುದನ್ನೂ ಮಾಡಿದೆ. ಅವಳು ಸ್ನಾನಕ್ಕೆ ಕೂತಾಗ ಹಿಂಬಾಗಿಲಿನಿಂದ ಬೂಟು ಕೈಯಲ್ಲಿ ಹಿಡಿದು ಹೋಗುತ್ತಿದ್ದೆ. ವಾರದೊಳಗೆ ಅವಳು ಸ್ನಾನವನ್ನೇ ಬಿಟ್ಟಳು.

ಕೊನೆಗೆ ಡಿಪೋ ಮ್ಯಾನೇಜರರ ಮುಂದೆ ಅತ್ತು ಕರೆದು ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಕೆಲಸ ಹಾಕಿಸಿಕೊಂಡೆ. ಯಾವ ಬಸ್ಸು ಎಷ್ಟಕ್ಕೆ, ಎಲ್ಲಿ ನಿಲ್ಲುತ್ತದೆ ಅಂತ ಮೈಕಿನಲ್ಲಿ ಹೇಳುತ್ತ ಕೂರುವ ಕೆಲಸ. ಇನ್ನು ಮನೆ ಶಾಂತವಾಯಿತು ಅಂದುಕೊಂಡೆ. ಆದದ್ದು ಬೇರೆ. ಅವ್ವ ಎಲ್ಲಿ ಕೂತಿದ್ದಾಳೆಂದು ಗೊತ್ತಾದ ಮೇಲೆ ಮಗಳು ಶಾಲೆಯಲ್ಲಿ ಕೂರುವುದನ್ನೇ ನಿಲ್ಲಿಸಿದಳು. ಮಧ್ಯಾಹ್ನ ಊಟದ ಗಂಟೆ ಹೊಡೆದಾಗ ಗೇಟು ದಾಟಿ, ಲಾರಿಗಳು ಓಡಾಡುವ ಮುಖ್ಯ ರಸ್ತೆಯನ್ನು ಒಬ್ಬಳೇ ದಾಟಿ ನನ್ನ ಕಿಟಕಿಯ ಮುಂದೆ ಬಂದು ನಿಂತಳು. ಏದುಸಿರು. ಒಂದು ಚಪ್ಪಲಿ ಇರಲಿಲ್ಲ.

ಮೂರನೇ ಸಲ ಹೀಗಾದಾಗ ಶಾಲೆಯ ಹೆಡ್‌ಮೇಡಂ ನನ್ನನ್ನು ಕರೆಸಿದರು.

"ನಾಳೆ ಏನರ ಆದ್ರ ಯಾರ ಹೊಣಿ? ನೀವು ಟಿಸಿ ತಗೊಂಡ ಹೋಗ್ರಿ. ಸ್ವಲ್ಪ ದೊಡ್ಡಾಕಿ ಆಗಲಿ, ಆಮ್ಯಾಲ ಎಲ್ಯರ ಹಾಕ್ರಿ."

ಅವರ ಹೆದರಿಕೆ ನನಗೆ ಅರ್ಥವಾಯಿತು. ಆದರೆ ಅವರು ಮಾತಾಡುವಾಗ ಒಂದು ಸಲವೂ ಮಗಳ ಕಡೆ ನೋಡಲಿಲ್ಲ. ಅವಳು ನನ್ನ ಪಕ್ಕದಲ್ಲೇ ನಿಂತಿದ್ದಳು. "ಕೊಡಬ್ಯಾಡ್ರಿ. ನಾ ಕೇಳಿಲ್ಲ," ಅಂದು ಎದ್ದು ಬಂದೆ. ಹೊರಗೆ ಬಂದು ಬೇವಿನ ಮರದ ಬುಡದಲ್ಲಿ ನಿಂತಾಗ ಮುಂದೇನು ಮಾಡಬೇಕು ಅನ್ನುವುದು ನನಗೂ ಗೊತ್ತಿರಲಿಲ್ಲ.

ದಾರಿ ತೋರಿಸಿದವರು ಹಳಿಯಾಳದ ಬಸ್ಸಿಗೆ ದಿನಾ ಬರುವ ಒಬ್ಬ ನರ್ಸ್. ಅವತ್ತು ಸಂಜೆ ವಿಚಾರಣೆ ಕಿಟಕಿಯ ಹತ್ತಿರ ನಿಂತು ನನ್ನ ಮುಖ ನೋಡಿ ಕೇಳಿದರು. ಹೇಳಿಬಿಟ್ಟೆ. "ಅಕ್ಕಾರ, ಇದು ಹೊಟ್ಟಿ ಬ್ಯಾನಿ ಅಲ್ಲ, ಹಠಾನೂ ಅಲ್ಲ. ಇದಕ್ಕ ಹೆಸರೈತಿ, ಔಷಧೋಪಚಾರ ಐತಿ," ಅಂದರು. ಹಳಿಯಾಳದಲ್ಲಿ ಪ್ರತಿ ಗುರುವಾರ ಒಬ್ಬ ಹೆಣ್ಣುಮಗಳು ಮಕ್ಕಳ ಮನಸ್ಸಿನ ತೊಂದರೆಗೆ ಮಾತಿನ ಚಿಕಿತ್ಸೆ ಕೊಡುತ್ತಾರೆ ಎಂದು ಹೇಳಿ ವಿಳಾಸ ಬರೆದುಕೊಟ್ಟರು.

ಯಜಮಾನರು "ಮನಸಿನ ಡಾಕ್ಟರ್ ಅಂದ್ರ ನಾಳೆ ಹುಡುಗಿಗೆ ಹೆಸರ ಬರ್ತೈತಿ" ಅಂದರು. "ಹೆಸರ ಈಗಾಗಲೇ ಬಂದೈತಿ, ಹುಚ್ಚಿ ಅಂತ. ಅದಕ್ಕಿಂತ ಕೆಟ್ಟದ್ದು ಇನ್ನೇನ ಬರ್ತೈತಿ?" ಅಂದೆ. ಅವರು ಚಹಾ ಲೋಟ ಕೆಳಗಿಟ್ಟು ಪಾಳಿಗೆ ಹೊರಟರು.

ಆ ಗುರುವಾರ ಮಗಳು ನನ್ನ ತೊಡೆಯಿಂದ ಇಳಿಯಲೇ ಇಲ್ಲ. ಚಿಕಿತ್ಸಕಿ ನನಗಿಂತ ಚಿಕ್ಕವರು, ದಪ್ಪ ಕನ್ನಡಕ, ಹತ್ತಿಯ ಸೀರೆ. ನನ್ನ ಜೊತೆ ಮಾತಾಡಲಿಲ್ಲ. ಮಗಳ ಮುಂದೆ ಒಂದು ಹಾಳೆ, ಬಣ್ಣದ ಪೆನ್ಸಿಲ್ ಇಟ್ಟು ತಾವೂ ಒಂದು ಹಾಳೆಯ ಮೇಲೆ ಏನೋ ಬರೆಯುತ್ತ ಕೂತರು. ಬಹಳ ಹೊತ್ತಿನ ಮೇಲೆ ಮಗಳು ಕೈ ಚಾಚಿ ಕೆಂಪು ಪೆನ್ಸಿಲ್ ತಗೊಂಡಳು. ಬಸ್ಸು ಬರೆದಳು. ಕೆಳಗೆ ನೀಲಿ ಗೆರೆಗಳು.

"ಇದು ಹೊಳಿ ಏನ?" ಅಂತ ಅವರು ಕೇಳಿದರು.

"ಹೂಂ."

"ಬಸ್ಸಿನ್ಯಾಗ ಯಾರದಾರ?"

"ಅವ್ವ."

"ಇದನ್ನ ನೆನಸಿದಾಗ ನಿನ್ನ ಹೊಟ್ಟ್ಯಾಗ ಏನಾಕ್ಕೇತಿ?"

"ಗುರ್ ಅಂತೈತಿ. ಆಮ್ಯಾಲ ಮ್ಯಾಲ ಬರ್ತೈತಿ," ಅಂದು ಗಂಟಲು ಮುಟ್ಟಿ ತೋರಿಸಿದಳು.

ಅವರು ತಲೆಯಾಡಿಸಿದರು. "ನಿಮ್ಮವ್ವನ ಬಸ್ಸಿಗೆ ಹಾರ್ನ್ ಐತೆಲ್ಲ, ಯಾರರ ಅಡ್ಡ ಬಂದ್ರ ಹೊಡೀತಾರ. ನಿನ್ನೊಳಗೂ ಒಂದ ಹಾರ್ನ್ ಐತಿ. ಅದು ಕೆಟ್ಟಿಲ್ಲ. ಆದ್ರ ಯಾರೂ ಅಡ್ಡ ಬರಲಿಲ್ಲಂದ್ರೂ ಹೊಡಕೋತೈತಿ. ಅದು ಹೊಡಕೊಂಡ ಕೂಡಲೆ ನೀ ಅವ್ವನ್ನ ಹಿಡ್ಕೋತಿ. ಹಾರ್ನಿಗೆ ಏನ ಅನಸ್ತೈತಿ? ನಾ ಹೊಡದದ್ದು ಬರೋಬ್ಬರಿ ಆತು ಅಂತ. ನಾವು ಅದಕ್ಕ ಸ್ವಲ್ಪ ಸ್ವಲ್ಪ ಸುಮ್ಮನಿರೂದು ಕಲಸೂಣು."

ಮಗಳು ಅವರನ್ನೇ ನೋಡಿದಳು. ಒಂದು ವರ್ಷದಲ್ಲಿ ಯಾರೂ ಅವಳ ಹೊಟ್ಟೆಯ ಮಾತನ್ನು ನಂಬಿರಲಿಲ್ಲ. ಸುಳ್ಳು ಹೇಳುತ್ತಾಳೆ ಅಂದಿದ್ದೆವು, ನಾನೂ ಅಂದಿದ್ದೆ.

ಆಮೇಲೆ ನನ್ನ ಕಡೆ ತಿರುಗಿದರು. ಇದಕ್ಕೆ ಅಗಲಿಕೆಯ ಆತಂಕ ಅನ್ನುತ್ತಾರೆ ಎಂದರು. ಅಗಲುವಾಗ ಎಲ್ಲ ಮಕ್ಕಳೂ ಅಳುತ್ತವೆ, ಆದರೆ ಇವಳ ವಯಸ್ಸಿನಲ್ಲಿ ಇಷ್ಟು ದಿನ, ಇಷ್ಟು ಜೋರಾಗಿ ಉಳಿದರೆ ಅದು ತೊಂದರೆ. ಈಗ ಮಾತ್ರೆ ಬೇಕಾಗಿಲ್ಲ, ಅಭ್ಯಾಸ ಬೇಕು. ಇಷ್ಟು ಹೇಳಿ ಕೊನೆಗೆ ಹೇಳಿದ ಮಾತು ನನಗೆ ಚುಚ್ಚಿತು.

"ನೀವು ಬಸ್ಸಿಗೆ ವಾಪಸ್ ಹೋಗಬೇಕ್ರಿ."

"ಆಕಿ ಸಲುವಾಗಿ ಬಿಟ್ಟೇನ್ರಿ ನಾನು!"

"ಗೊತ್ತೈತ್ರಿ. ಆದ್ರ ಆಕಿಗೆ ತಿಳದದ್ದು ಏನು? ಬಸ್ಸು ಖರೇನ ಅಪಾಯ, ಅದಕ್ಕ ಅವ್ವ ಬಿಟ್ಲು, ನಾ ಅಂಜಿದ್ದು ಖರೇ ಆತು, ಅಂತ. ಇವತ್ತ ಹೋಗ್ರಿ ಅನ್ನೂದಿಲ್ಲ. ಆದ್ರ ಕೊನೀಗೆ ಅಲ್ಲಿಗೆ ಮುಟ್ಟಬೇಕು."

ಮನೆಗೆ ಬರುವ ತನಕ ಸಿಟ್ಟು. ಮನೆ ಮುಟ್ಟುವ ಹೊತ್ತಿಗೆ ಅದೇ ಸಿಟ್ಟು ಬೇರೆ ಕಡೆ ತಿರುಗಿತು. ಒಂದು ವರ್ಷದಿಂದ ಎಲ್ಲರೂ ನನಗೆ ಕೆಲಸ ಬಿಡು ಅಂದವರೇ. ಮಗಳ ಸಲುವಾಗಿಯೇ ಕೆಲಸಕ್ಕೆ ಹೋಗು ಅಂದವರು ಇವರೊಬ್ಬರೇ. ಹಾಗಾದರೆ ಮಾಡಿಯೇ ತೋರಿಸೋಣ ಅನ್ನಿಸಿತು.

ಮುಂದಿನ ಗುರುವಾರ ಚಿಕಿತ್ಸಕಿ ಹೇಳಿದಂತೆ ಒಂದು ಉದ್ದ ಹಾಳೆಯ ಮೇಲೆ ಮಗಳೇ ಒಂದೊಂದಾಗಿ ದಾಟಬೇಕಾದ ಹನ್ನೆರಡು ಸ್ಟಾಪು ಬರೆದಳು. ಎಲ್ಲಕ್ಕಿಂತ ಸಣ್ಣ ಅಂಜಿಕೆ ಮೊದಲ ಸ್ಟಾಪು, ಎಲ್ಲಕ್ಕಿಂತ ದೊಡ್ಡದು ಕೊನೆಯದು. ಅವ್ವ ಬಚ್ಚಲಿಗೆ ಹೋದಾಗ ಬಾಗಿಲ ಹತ್ತಿರ ಕೂರದೆ ಅಡುಗೆಮನೆಯಲ್ಲಿ ಇರುವುದು ಮೊದಲನೆಯದು. ಅವ್ವ ಕಿರಾಣಿ ಅಂಗಡಿಗೆ ಹೋಗಿ ಬರುವುದು ಎರಡನೆಯದು. ನಡುವೆ ಶಾಲೆ, ಹಳಿಯಾಳದ ಟ್ರಿಪ್ಪು. ಹನ್ನೊಂದನೆಯದು ಜೋಯಿಡಾದ ವಸ್ತಿ ಬಸ್ಸು, ಅಂದರೆ ನಾನು ರಾತ್ರಿ ಅಲ್ಲೇ ಉಳಿದು ಬೆಳಗ್ಗೆ ಬರುವುದು. ಹನ್ನೆರಡನೆಯದನ್ನು ಬರೆದು ಕೈಯಿಂದ ಮುಚ್ಚಿಕೊಂಡಳು. ಅವ್ವ ಅಪ್ಪ ಇಬ್ಬರೂ ಇಲ್ಲದೆ ಬೇರೆಯವರ ಮನೆಯಲ್ಲಿ ಒಂದು ರಾತ್ರಿ.

ನಮಗೂ ಕಟ್ಟಳೆಗಳಿದ್ದವು. ಕದ್ದು ಹೋಗುವಂತಿಲ್ಲ. ಹೊರಡುವಾಗ ಒಂದೇ ಸಲ ಹೇಳಬೇಕು, ತಿರುಗಿ ಬಂದು ಮುದ್ದಾಡುವಂತಿಲ್ಲ. ಅತ್ತಳೆಂದು ಅರ್ಧದಲ್ಲಿ ವಾಪಸ್ಸು ಬರುವಂತಿಲ್ಲ. "ಐದ ಗಂಟೆಕ್ಕ ಬಂದ ಬರ್ತೇನಿ" ಅಂತ ಆಣೆ ಮಾಡುವಂತಿಲ್ಲ. ಯಾಕೆಂದರೆ ಬಸ್ಸು ತಡವಾಗುತ್ತದೆ. ತಡವಾದಾಗಲೂ ಕಾಯುವುದು ಆಗುತ್ತದೆ ಎಂಬುದನ್ನೇ ಅವಳು ಕಲಿಯಬೇಕಾಗಿತ್ತು.

ಕಿರಾಣಿ ಅಂಗಡಿಯ ದಿನ "ಹೋಗಿ ಬರ್ತೇನಿ" ಅಂದು ಹೊರಗೆ ಬಂದೆ. ಒಳಗಿಂದ ಚೀರಾಟ. ಅಂಗಡಿಯವ ಏನು ಬೇಕು ಅಂದ, ನನಗೆ ಯಾವ ಸಾಮಾನಿನ ಹೆಸರೂ ನೆನಪಾಗಲಿಲ್ಲ. ಕೊನೆಗೆ ಒಂದು ಬೆಂಕಿಪೆಟ್ಟಿಗೆ ಕೇಳಿದೆ. ಐದು ನಿಮಿಷ ನಿಲ್ಲಬೇಕಾಗಿತ್ತು. ಎರಡು ನಿಮಿಷಕ್ಕೇ ಮಗಳು ಬರಿಗಾಲಲ್ಲಿ ಓಡಿ ಬಂದು ನನ್ನ ಸೊಂಟಕ್ಕೆ ಬಿದ್ದಳು. ಅತ್ತಿ ಬಾಗಿಲು ತೆಗೆದುಬಿಟ್ಟಿದ್ದರು.

"ಯಾಕ ತಗದ್ರಿ?"

"ಕೂಸು ನೀಲಿಗಟ್ಟಿತ್ತು! ನೀ ತಾಯಿ ಅದೀಯೋ ಏನೋ?"

"ತಾಯಿ ಅದೇನಿ ಅಂತನ ಹೊರಗ ನಿಂತಿದ್ದೆ. ಇನ್ನೊಮ್ಮೆ ಬಾಗಲಾ ತಗದ್ರ ನಿಮ್ಮನ್ನೂ ಕರಕೊಂಡ ಹೋಗಿ ಅವರ ಮುಂದ ಕೂಡಸ್ತೇನಿ."

ಅತ್ತಿಯ ಮುಂದೆ ಅಷ್ಟು ದನಿ ಎತ್ತಿದ್ದು ಅದೇ ಮೊದಲು. ಅವತ್ತು ಸಂಜೆ ಅವರು ಊಟ ಮಾಡಲಿಲ್ಲ. ಹಿತ್ತಲ ಕಟ್ಟೆಯ ಮೇಲೆ ಕೂತಿದ್ದರು. ನಾನು ತಟ್ಟೆ ತೆಗೆದುಕೊಂಡು ಹೋಗಿ ಪಕ್ಕದಲ್ಲಿ ಕೂತೆ. ಅವರು ತಾವೇ ಮಾತು ತೆಗೆದರು.

ಅವರು ಜೋಯಿಡಾದ ಕಾಡೊಳಗಿನ ಹಳ್ಳಿಯವರು, ಮನೆಮಾತು ಕೊಂಕಣಿ. ಹದಿಮೂರಕ್ಕೆ ಮದುವೆ ಮಾಡಿ ಹಳಿಯಾಳದ ಕಡೆ ಕೊಟ್ಟರು. "ನಮ್ಮವ್ವ ನೀರಿಗೆ ಹೋಗಿ ಬರ್ತೇನಿ ಅಂತ ಹೇಳಿ ಹೋದ್ಲು. ಬರಲಿಲ್ಲ. ನನ್ನ ಬಿಟ್ಟು ಊರಿಗೆ ಹೋಗಿದ್ಲು. ನಂಗ ಕನ್ನಡ ಒಂದಕ್ಷರ ಬರ್ತಿರಲಿಲ್ಲ. ಒಂದ ತಿಂಗಳ ದನದ ಕೊಟ್ಟಿಗ್ಯಾಗ ಕುಂತ ಅತ್ತೆ. ಯಾರೂ ಬರಲಿಲ್ಲ, ಯಾಕ ಅಂತ ಸೈತ ಕೇಳಲಿಲ್ಲ. ಕೂಸು ಅತ್ರ ನಂಗ ತಡಕೊಳ್ಳಾಕ ಆಗೂದಿಲ್ಲ."

ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತರೂ ಈ ಮಾತು ನನಗೆ ಗೊತ್ತಿರಲಿಲ್ಲ. "ನಾವು ಹಂಗ ಮಾಡಾಕತ್ತಿಲ್ಲ ಅತ್ತಿ," ಅಂದೆ. "ನಾ ಹೇಳಿ ಹೋಗ್ತೇನಿ. ಹೇಳಿದಂಗ ಬರ್ತೇನಿ. ಅಲ್ಲೀತನಕ ಆಕಿ ಒಬ್ಬಾಕಿನ ಅಲ್ಲ, ನೀವಿರ್ತೀರಿ. ನಿಮ್ಮ ಹತ್ರ ಯಾರೂ ಇರಲಿಲ್ಲ."

ಮರುದಿನ ನಾನು ಅಂಗಡಿಗೆ ಹೋದಾಗ ಅತ್ತಿ ಬಾಗಿಲು ತೆಗೆಯಲಿಲ್ಲ. ಮೊಮ್ಮಗಳ ಎದುರು ಕೂತು ತಾವೂ ಕಣ್ಣೊರೆಸಿಕೊಳ್ಳುತ್ತ, "ಹಾರ್ನ್ ಹೊಡಕೋಲಿ ಬಿಡವಾ, ಹೊಡಕೊಂಡ ಹೊಡಕೊಂಡ ಬ್ಯಾಸರಾಕ್ಕೇತಿ ಅದಕ್ಕ" ಅಂದರಂತೆ. ಎರಡನೇ ಸ್ಟಾಪು ದಾಟಲು ನಮಗೆ ಒಂಬತ್ತು ದಿನ ಹಿಡಿಯಿತು.

ಶಾಲೆ ಎಲ್ಲಕ್ಕಿಂತ ಕಷ್ಟವಾಯಿತು. ಚಿಕಿತ್ಸಕಿ ಬರೆದುಕೊಟ್ಟ ಪತ್ರ ಹಿಡಿದು ಹೆಡ್‌ಮೇಡಂ ಹತ್ತಿರ ಹೋದೆ. ಬೇಕೆಂದೇ ಖಾಕಿ ಹಾಕಿಕೊಂಡು ಹೋದೆ. ಅವರು ಪತ್ರ ಓದಿ, "ನಮ್ಮಲ್ಲೆ ಎಲ್ಲಾ ಹುಡುಗರೂ ಒಂದ," ಅಂದರು. "ಒಂದ ಅಂದ್ರ ಕಾಲು ಮುರದ ಹುಡುಗನ್ನೂ ಓಡಸ್ತೀರೇನ್ರಿ?" ಅಂತ ಕೇಳಿದೆ. "ಆಕಿ ಸಾಲಿಗೆ ಬರ್ತಾಳ. ಅಳ್ತಾಳ. ಆದ್ರೂ ಬರ್ತಾಳ. ನೀವು ಗೇಟಿಗೆ ಚಿಲಕಾ ಹಾಕಸ್ರಿ, ಅದು ನಿಮ್ಮ ಕೆಲಸ. ಟಿಸಿ ಮಾತು ಇನ್ನೊಮ್ಮೆ ಬ್ಯಾಡ."

ಬಾಗಿಲಲ್ಲಿ ನಿಂತು ಇದನ್ನು ಕೇಳಿದ ಎರಡನೇ ತರಗತಿಯ ಟೀಚರು ಹೊಸಬರು, ವಯಸ್ಸಿನ್ನೂ ಸಣ್ಣದು. "ನಾ ಗೇಟಿಗೆ ಬಂದ ಕರಕೋತೇನ್ರಿ ಮೇಡಂ," ಅಂದರು. ಆ ಹುಡುಗಿಯ ಉಪಕಾರ ದೊಡ್ಡದು.

ಮೊದಲ ದಿನ ಮಗಳು ಗೇಟಿನ ಮುಂದೆ ಮಣ್ಣಿನಲ್ಲಿ ಹೊರಳಿದಳು. ಮಕ್ಕಳನ್ನು ಬಿಡಲು ಬಂದವರೆಲ್ಲ ಸೈಕಲ್ಲು, ಬೈಕು ನಿಲ್ಲಿಸಿ ನೋಡಿದರು. "ಏನ ಕಲ್ಲ ಮನಸಿನಾಕಿರಿ ಈಕಿ," ಅಂತ ಒಬ್ಬಾಕೆ ನನಗೆ ಕೇಳಿಸುವ ಹಾಗೆಯೇ ಅಂದಳು. ಟೀಚರು ಮಗಳ ಕೈ ಹಿಡಿದರು. ನಾನು "ಹೋಗಿ ಬರ್ತೇನಿ" ಅಂದು ತಿರುಗಿದೆ. ಆ ಹೆಂಗಸಿನ ಮುಂದೆಯೇ ತಲೆ ಎತ್ತಿ ನಡೆದು ಹೋದೆ. ರಸ್ತೆಯ ತಿರುವು ದಾಟಿದ ಮೇಲೆ ಒಂದು ಕಲ್ಲಿನ ಮೇಲೆ ಕೂತೆ.

ಎರಡನೇ ವಾರ ಯಜಮಾನರು ಹಳಿಯಾಳಕ್ಕೆ ಬಂದರು. ಮಗಳನ್ನು ಎಷ್ಟು ಸಲ ಶಾಲೆಗೆ ಬಿಟ್ಟಿದ್ದೀರಿ ಅಂತ ಚಿಕಿತ್ಸಕಿ ಅವರನ್ನು ಕೇಳಿದರು. ಮುಂದಿನ ಸೋಮವಾರದಿಂದ ರಾತ್ರಿ ಪಾಳಿ ಮುಗಿಸಿ ಬಂದವರು ನಿದ್ದೆಗೆಡುತ್ತ ಅವಳನ್ನು ಸೈಕಲ್ಲಿನಲ್ಲಿ ಬಿಡಲು ಶುರು ಮಾಡಿದರು. ಅಪ್ಪನ ಜೊತೆ ಹೋದರೆ ಅಳು ಅರ್ಧ. ಇಷ್ಟು ದಿನ ಈ ಮನುಷ್ಯ ಎಲ್ಲಿದ್ದ ಅಂತ ನನಗೆ ಖುಷಿ, ಹೊಟ್ಟೆಕಿಚ್ಚು, ಸಿಟ್ಟು ಮೂರೂ ಒಟ್ಟಿಗೇ ಬಂದವು.

ಒಂದು ತಿಂಗಳಲ್ಲಿ ಹೊರಳಾಟ ನಿಂತಿತು. ಮಧ್ಯಾಹ್ನ ಓಡಿ ಬರುವುದೂ ನಿಂತಿತು. ಗೆದ್ದೆವು ಅಂದುಕೊಳ್ಳುವಷ್ಟರಲ್ಲಿ ಚೌತಿಯ ರಜೆ ಬಂತು. ರಜೆ ಮುಗಿದ ದಿನ ಮಗಳು ಮತ್ತೆ ವಾಂತಿ ಮಾಡಿದಳು, ಮತ್ತೆ ಹೊಸ್ತಿಲ ಮೇಲೆ ಕೂತಳು. ನಾನು ಫೋನ್ ಮಾಡಿ ಅತ್ತುಬಿಟ್ಟೆ. "ಎರಡ ಸ್ಟಾಪ್ ಹಿಂದ ಹೋಗ್ರಿ, ಅಲ್ಲಿಂದ ಮತ್ತ ಹತ್ರಿ," ಅಂದರು ಚಿಕಿತ್ಸಕಿ, ಅಷ್ಟೇ. ಹಿಂದೆ ಹೋದೆವು. ಮತ್ತೆ ಹತ್ತಿದೆವು.

ದೀಪಾವಳಿಗೆ ಮುಂಚೆ ನಾನು ಡಿಪೋ ಮ್ಯಾನೇಜರರ ಹತ್ತಿರ ಹೋಗಿ ಬಸ್ಸಿಗೆ ಹಾಕಿ ಅಂದೆ. "ಬಾಯಾರ, ನೀವ ಅತ್ತ ಕೇಳಿ ತಗೊಂಡ ಕಿಟಕಿ ಅದು," ಅಂದರು ಅವರು. "ಹೌದ್ರಿ. ಈಗ ನಕ್ಕೋತ ವಾಪಸ್ ಕೊಡಾಕ ಬಂದೇನಿ." ನನ್ನ ಜೊತೆಗೆ ಹಳೆಯ ಡ್ರೈವರನ್ನೇ ಹಾಕಿದರು. ಹಳಿಯಾಳದ ಮುಸಲ್ಮಾನರು, ನಮ್ಮ ಡಿಪೋದಲ್ಲಿ ಎಲ್ಲರಿಗೂ ಅವರು ಚಾಚಾ. ಮೊದಲ ದಿನ ಬಸ್ಸು ಹೊರಡುವ ಮುಂಚೆ ನಾನು ಫೋನು ತೆಗೆದು ಮನೆಗೆ ಹಚ್ಚಲೋ ಬೇಡವೋ ಅಂತ ನೋಡುತ್ತಿದ್ದೆ. ಒಂದು ದಿನಕ್ಕೆ ಒಂದೇ ಫೋನು ಎಂಬುದು ಕಟ್ಟಳೆ. ಚಾಚಾ ಕನ್ನಡಿಯಲ್ಲಿ ನನ್ನನ್ನು ನೋಡಿದರು. "ಬೇಟಿ, ಈಗ ಅಂಜಿದಾಕಿ ಹುಡುಗಿ ಅಲ್ಲ, ನೀ. ಫೋನ್ ಚೀಲದಾಗ ಹಾಕು. ಸೀಟಿ ಊದು." ಊದಿದೆ.

ಡಿಸೆಂಬರಿನಲ್ಲಿ ಹನ್ನೊಂದನೇ ಸ್ಟಾಪು. ಜೋಯಿಡಾದ ವಸ್ತಿ. ಹೊರಡುವಾಗ ಮಗಳು ಅಳಲಿಲ್ಲ, ಮುಖ ಬೆಳ್ಳಗಾಗಿತ್ತು. ಬೆಳಗ್ಗೆ ಎಂಟಕ್ಕೆ ನಾನು ಮನೆಗೆ ಬಂದಾಗ ಅತ್ತಿ, ಅವಳ ಬಾಯಲ್ಲಿ ಆಯಿ, ಅವಳಿಗೆ ಜಡೆ ಹಾಕುತ್ತಿದ್ದರು. ಒಂದು ಜಡೆ ಮೇಲೆ, ಒಂದು ಕೆಳಗೆ. ನಾನು ತಬ್ಬಿಕೊಳ್ಳಲು ಹೋದರೆ ಅವಳು ಕೈ ಅಡ್ಡ ಹಿಡಿದು, ಬಹಳ ಸಿಟ್ಟಿನಿಂದ, "ನಾ ಎರಡ ಸಲ ಅತ್ತೇನಿ. ಆಯಿ ಮೂರ ಸಲ ಅಂತ ಹೇಳ್ತಾಳ. ಸುಳ್ಳು," ಅಂದಳು.

ಹನ್ನೆರಡನೇ ಸ್ಟಾಪಿಗೆ ಯಜಮಾನರ ಅಕ್ಕನ ಮನೆ ಗೊತ್ತು ಮಾಡಿದೆವು. ಅವರನ್ನು ಮುಂಡಗೋಡದ ಹತ್ತಿರದ ಇಂದೂರ ಹಳ್ಳಿಗೆ ಕೊಟ್ಟಿದ್ದಾರೆ. ಅವರ ಮೊಮ್ಮಗನನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ ನಾವೆಲ್ಲ ಹೋದೆವು. ಮರುದಿನದ ತನಕ ಮಗಳೊಬ್ಬಳೇ ಅಲ್ಲಿ ಉಳಿಯುವುದು ಅಂತ ಮೊದಲೇ ಮಾತಾಗಿತ್ತು. ಊಟದ ನಂತರ ಹೆಂಗಸರೆಲ್ಲ ಪಡಸಾಲೆಯಲ್ಲಿ ಕೂತು ಎಲೆಯಡಿಕೆ ಹಾಕುತ್ತಿದ್ದರು. ಬೀಗರ ಕಡೆಯ ಒಬ್ಬ ಮುದುಕಿ ಮಗಳನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು:

"ಇದ ಏನ, ಹುಚ್ಚ ಡಾಕ್ಟರ ಕಡೆ ಅಡ್ಡಾಡೂ ಹುಡುಗಿ?"

ಮಗಳು ಕೈಯಲ್ಲಿದ್ದ ಲಾಡು ಕೆಳಗಿಟ್ಟಳು. ನನ್ನ ಬಾಯಿಗೆ ಬಸ್ಸಿನ ಭಾಷೆ ಬಂದಿತ್ತು. ಅಷ್ಟರಲ್ಲಿ ಗೋಡೆಗೆ ಒರಗಿದ್ದ ನಮ್ಮ ಅತ್ತಿ ಕಾಲು ಮಡಿಚಿ ನೆಟ್ಟಗೆ ಕೂತರು.

"ಹೌದವಾ, ಈಕಿನ. ಅಂಜಿಕಿ ಇತ್ತು, ಔಷಧ ಮಾಡಸಾಕತ್ತೇವಿ. ನಿನ್ನ ಮೊಣಕಾಲ ನೋವಿಗೆ ನೀ ಮಾಡಸೂದಿಲ್ಲೇನು? ಕೂಸಿನ ಮನಸ ನಿನ್ನ ಮೊಣಕಾಲಿಗಿಂತ ಕಡಿಮಿ ಏನ?"

ಯಾರೋ ಕಿಸಕ್ಕನೆ ನಕ್ಕರು. ಮುದುಕಿ ಎಲೆಗೆ ಸುಣ್ಣ ಹಚ್ಚುತ್ತ ಬೇರೆ ಮಾತು ತೆಗೆದಳು. ನಾನು ಅತ್ತಿಯ ಕಡೆ ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ. ಲಾಡು ಎತ್ತಿ ಮೊಮ್ಮಗಳ ಕೈಗೆ ಕೊಟ್ಟರು.

ಸಂಜೆಯ ಬಸ್ಸಿಗೆ ನಾವು ಹೊರಟಾಗ ಮಗಳು ರಸ್ತೆಯ ತನಕ ಬಂದಳು. ಬಸ್ಸು ನಿಂತಿತು. ಅವಳ ಕಣ್ಣು ತುಂಬಿದವು. ಅತ್ತಿ ನನ್ನ ಸೆರಗು ಎಳೆದು, "ಇನ್ನೊಂದ ವಾರಕ್ಕ ನೋಡೂಣೇನ?" ಅಂತ ಪಿಸುಗುಟ್ಟಿದರು. ನಾನು ಮಗಳನ್ನೇ ಕೇಳಿದೆ.

"ಏನ ಮಾಡ್ತೀ?"

"ಹೊಟ್ಟಿ ಗುರ್ ಅನ್ನಾಕತ್ತೈತಿ," ಅಂದಳು. "ಅನ್ನಲಿ. ನೀ ಹೋಗು. ಲಗೂನ ಹತ್ತು, ನಿನ್ನ ಸಲುವಾಗಿ ಬಸ್ ನಿಂತೈತಿ."

ಹತ್ತಿದೆವು. ಕಿಟಕಿಯಿಂದ ನೋಡಿದಾಗ ಅವಳು ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡು ನಿಂತಿದ್ದಳು. ಓಡಿ ಬರಲಿಲ್ಲ. ಯಜಮಾನರ ಅಕ್ಕ ಪಕ್ಕದಲ್ಲಿ ನಿಂತು ಹೆಗಲ ಮೇಲೆ ಕೈ ಇಟ್ಟಿದ್ದರು. ಅವತ್ತು ಟಿಕೆಟ್ ತೆಗೆದುಕೊಂಡು ಸೀಟಿನಲ್ಲಿ ಕೂತ ಪ್ರಯಾಣಿಕಳಾಗಿ ಮುಂಡಗೋಡದ ತನಕ ಮುಖ ಮುಚ್ಚಿಕೊಂಡು ಅತ್ತೆ. ಆ ಬಸ್ಸಿನ ಕಂಡಕ್ಟರು ನನ್ನ ಪರಿಚಯದವ, ನೋಡಿಯೂ ನೋಡದವನಂತೆ ಮುಂದೆ ಹೋದ.

ಈಗ ಅವಳಿಗೆ ಹನ್ನೊಂದು. ಪೂರ್ತಿ ಗುಣವಾಯಿತೇ ಅಂತ ಕೇಳುವವರಿಗೆ ನಾನು ಖರೇ ಹೇಳುತ್ತೇನೆ. ಪ್ರತಿ ಜೂನಿನಲ್ಲಿ ಶಾಲೆ ತೆರೆದಾಗ ಒಂದು ವಾರ ಹೊಟ್ಟೆ ಬೇನೆ ಬರುತ್ತದೆ. ಬರುತ್ತದೆಂದು ಅವಳಿಗೂ ಗೊತ್ತು, ನಮಗೂ ಗೊತ್ತು. ಹೊಟ್ಟೆ ಹಿಡಿದುಕೊಂಡೇ ಹೋಗುತ್ತಾಳೆ. ಎರಡನೇ ವಾರ ಅದರ ನೆನಪೂ ಇರುವುದಿಲ್ಲ.

ಹೋದ ತಿಂಗಳು ಹಳಿಯಾಳದ ಬಸ್ಸಿನಲ್ಲಿ ಒಬ್ಬ ತಾಯಿ, ಕೊರಳಿಗೆ ಜೋತು ಬಿದ್ದ ಮಗುವನ್ನು ಎತ್ತಿಕೊಂಡು ಬಂದವಳು, ನನ್ನ ಕಿವಿಯ ಹತ್ತಿರ ಬಾಗಿ, ಯಾರಿಗೂ ಕೇಳಿಸದ ಹಾಗೆ, "ಅಕ್ಕಾರ, ನಿಮ್ಮ ಮಗಳನ್ನ ಎಲ್ಲೆ ತೋರಿಸಿದ್ರಿ?" ಅಂದಳು. ನಾನು ಇಡೀ ಬಸ್ಸಿಗೆ ಕೇಳಿಸುವಂತೆ ಹೇಳಿದೆ. ಇಂಥ ದಿನ, ಇಂಥ ಕಡೆ, ಇಂಥ ತೊಂದರೆಗೆ. ಮುಚ್ಚಿಡಲು ನಾವೇನು ಕಳವು ಮಾಡಿದ್ದೇವೆಯೇ? ಹಿಂದಿನ ಸೀಟಿನ ಇಬ್ಬರು ತಿರುಗಿ ನೋಡಿದರು. ನೋಡಲಿ. ಅವರಲ್ಲಿ ಒಬ್ಬ ಇಳಿಯುವಾಗ ಮೆಲ್ಲಗೆ, "ಗುರುವಾರ ಅಂದಿರೇನ್ರಿ?" ಅಂತ ಕೇಳಿ ಹೋದ.

ಈ ವರ್ಷ ಮಗಳು ತಾನಾಗಿ ವಸತಿ ಶಾಲೆಯ ಪರೀಕ್ಷೆಗೆ ಕೂತಳು. ಅಲ್ಲಿ ಸೇರಿದರೆ ತಿಂಗಳಿಗೊಮ್ಮೆ ಮಾತ್ರ ಮನೆಗೆ ಬರಬಹುದು. ಅರ್ಜಿಗೆ ಸಹಿ ಹಾಕುವ ಮುಂಚೆ ಆ ಸಾಲನ್ನು ಎರಡು ಸಲ ಓದಿದೆ. ಆದರೂ ಹಾಕಿದೆ. ಪಟ್ಟಿಯಲ್ಲಿ ಅವಳ ನಂಬರು ಬರಲಿಲ್ಲ. ಅವಳು ಹಾಸಿಗೆಗೆ ಮುಖ ಒತ್ತಿ ಅತ್ತಳು. ನನಗೆ ಒಳಗೊಳಗೆ ಹಗುರಾಯಿತು. ಹಾಗೆ ಹಗುರಾದದ್ದಕ್ಕೆ ನಾಚಿಕೆಯೂ ಆಯಿತು.

ಅತ್ತು ಮುಗಿದ ಮೇಲೆ ಎದ್ದು ಮುಖ ತೊಳೆದು ಬಂದಳು. "ಬರೂ ವರ್ಷ ಬ್ಯಾರೆ ಸಾಲೀದು ಬರೀತೇನಿ. ನೀ ಬ್ಯಾಡ ಅನ್ನಬಾರದು ಮತ್ತ."

"ಅನ್ನೂದಿಲ್ಲ," ಅಂದೆ.

"ಆಣಿ ಮಾಡು."

ಆಣೆ ಮಾಡಲಿಲ್ಲ. ಅವಳ ಗಣಿತದ ಪುಸ್ತಕ ತೆಗೆದು, ತಪ್ಪಿದ ಲೆಕ್ಕ ಯಾವುದು ತೋರಿಸು ಅಂತ ಪಕ್ಕದಲ್ಲಿ ಕೂತೆ.